ಕೆಂಪು ಬಿಂದಿಯ ಫ್ಯೂಸು

ಪಿಂಗಾಣಿಯ ಫ್ಯೂಸೊಂದನ್ನು ನೀವು ಈಚೆಗೆ ಕೈಯಲ್ಲಿ ಹಿಡಿದಿದ್ದೀರಾ? ಹೆಬ್ಬೆರಳಿನ ಗಾತ್ರದ, ಬಿಳಿಯ, ತಣ್ಣನೆಯ ವಸ್ತು. ತಲೆಯ ಮೇಲೆ ಬಣ್ಣದ ಪುಟ್ಟದೊಂದು ಬಿಂದಿ. ಯೋನ್‌ಶೋಪಿಂಗ್ ಎಂಬ ಈ ಪರದೇಶದ ಊರಿನ ನಮ್ಮ ಹಳೆಯ ಕಟ್ಟಡದಲ್ಲಿ ಅಡುಗೆಮನೆಯ ಪ್ಲಗ್ಗುಗಳಿಗೆಲ್ಲ ಅದೊಂದೇ ಕಾವಲು. ನೀರು ಕಾಯಿಸುವ ಕೆಟಲನ್ನೂ ಬೆಂಗಳೂರಿನಿಂದ ಹೊತ್ತು ತಂದ ಮಿಕ್ಸಿಯನ್ನೂ ಒಟ್ಟಿಗೆ ಹಾಕಿದೆನೋ, ಚಟ್ನಿ ಇನ್ನೂ ತರಿತರಿಯಾಗಿರುವಾಗಲೇ ಎಲ್ಲವೂ ಗಪ್‌ಚಿಪ್ಪಾಗುತ್ತಿತ್ತು.

ಮೊದಲ ಸಲ ಹಾಗಾದಾಗ ನಮ್ಮವರು, "ಹದಿನಾರು ಆಂಪ್ಸ್‌ದೇ ಹಾಕ್ಬಿಡೋಣ ಕಣೇ, ಆಮೇಲೆ ಟೆನ್ಷನ್ನೇ ಇರಲ್ಲ" ಎಂದು ಬೂದು ಬಿಂದಿಯದೊಂದನ್ನು ಅಂಗಡಿಯಿಂದ ತಂದು ತಿರುಗಿಸಿಯೇ ತಿರುಗಿಸಿದರು. ಅದು ಕೂರಲಿಲ್ಲ. ಗೂಡಿನ ತಳದಲ್ಲಿ ಹತ್ತು ಆಂಪ್ಸಿನ ಕೆಂಪು ಬಿಂದಿಯದಕ್ಕೆಂದೇ ಅಳತೆ ಮಾಡಿಟ್ಟ ಬಳೆಯೊಂದಿತ್ತು. ಗೋಡೆಯೊಳಗಿನ ತಂತಿ ತಾಳುವುದಕ್ಕಿಂತ ದೊಡ್ಡದನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಂಜಿನಿಯರ್ ಗಂಡನ ಮುಖ ನೋಡುವಂತಿತ್ತು. ಕೊನೆಗೆ ನಾನೇ ಪಕ್ಕದ ಮನೆಯ ಕರೆಗಂಟೆ ಒತ್ತಿದೆ.

ಈ ದೇಶದಲ್ಲಿ ಅದು ಸಣ್ಣ ಸಂಗತಿಯಲ್ಲ. ಇಲ್ಲಿ ಹೇಳದೆ ಕೇಳದೆ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ; ನೆರೆಯವರು ಮೆಟ್ಟಿಲಲ್ಲಿ ಎದುರಾದರೆ "ಹೇ" ಎಂಬ ಒಂದಕ್ಷರದಲ್ಲಿ ಸಂಬಂಧ ಮುಗಿಯುತ್ತದೆ. ಆದರೆ ಕೈಯಲ್ಲಿ ಸುಟ್ಟ ಫ್ಯೂಸಿದ್ದವರಿಗೆ ಆ ನಿಯಮವಿಲ್ಲವೆಂದು ನನಗೆ ಅಂದು ತಿಳಿಯಿತು. ಲೈಬ್ರರಿಯಲ್ಲಿ ಕೆಲಸಕ್ಕಿದ್ದ, ಅರವತ್ತರ ಅಂಚಿನ ಬಿರ್ಗಿತ್ತಾ ಬಾಗಿಲು ತೆರೆದು, ನನ್ನ ಕೈ ನೋಡಿ ನಕ್ಕು, ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತಂದರು. "ಅಡುಗೆಮನೆಗೆ ಯಾವಾಗಲೂ ಕೆಂಪು" ಎಂದು ಆರಿಸಿ ಕೊಟ್ಟರು. ಡಬ್ಬಿಯಲ್ಲಿ ಕೆಂಪು ಬಿಂದಿಯವು ಇನ್ನೂ ರಾಶಿ ಇದ್ದವು.

ಸಾಲ ತಂದದ್ದನ್ನು ಬರಿಗೈಲಿ ಹಿಂದಿರುಗಿಸುವ ಅಭ್ಯಾಸ ನಮಗಿಲ್ಲವಲ್ಲ? ಹೊಸ ಫ್ಯೂಸಿನೊಂದಿಗೆ ನಾಲ್ಕು ಕೋಡುಬಳೆಯೂ ಹೋದವು. ತಟ್ಟೆ ಮರಳಿ ಬಂದಾಗ ಅದರಲ್ಲಿ ದಾಲ್ಚಿನ್ನಿಯ ಬನ್ನುಗಳಿದ್ದವು. ಹೊರಡುತ್ತೇನೆಂದ ಮೇಲೂ ಗೇಟಿನ ಬಳಿ ಅರ್ಧ ಗಂಟೆ ನಿಲ್ಲುವ ನಮ್ಮ ಕಡೆಯವರ ಹಾಗೆ, ಹೊಸ್ತಿಲಲ್ಲೇ ನಿಂತು ನಾವು ಆಕೆಯ ತಂಗಿಯ ಮೊಂಡುತನದಿಂದ ಹಿಡಿದು ನನ್ನ ಅತ್ತೆಯ ಮಂಡಿನೋವಿನವರೆಗೆ ಮಾತಾಡಿದೆವು. ಆಮೇಲೆ ನಮ್ಮ ಡ್ರಾಯರಿನಲ್ಲೂ ಫ್ಯೂಸಿನ ಪೊಟ್ಟಣ ಬಂತು. ಆದರೂ ಫ್ಯೂಸು ಹೋದಾಗಲೆಲ್ಲ ನಾನು ಪಕ್ಕದ ಮನೆಗೇ ಹೋಗುತ್ತಿದ್ದೆ. ಒಂದು ಸಂಜೆ ಆಕೆಯೇ ಬಂದು, "ಕೆಂಪು ಒಂದಿದೆಯಾ? ನನ್ನ ಹತ್ತಿರ ಮುಗಿದುಹೋಗಿದೆ" ಎಂದರು. ಹಿಂದಿನ ವಾರವಷ್ಟೇ ಅವರ ತುಂಬಿದ ಡಬ್ಬಿ ನೋಡಿ ಬಂದಿದ್ದ ನಾನು ಸಂತೋಷದಿಂದ ಎರಡು ಕೊಟ್ಟೆ.

ನಂತರ ಕಟ್ಟಡದ ಸಂಘದವರು ಎಲ್ಲ ಮನೆಗಳಿಗೂ ಹೊಸ ಸ್ವಿಚ್‌ಬೋರ್ಡು ಹಾಕಿಸಿದರು. ಹೆಚ್ಚು ಭಾರ ಬಿದ್ದರೆ ತಾನೇ ಕೆಳಗೆ ಬೀಳುವ ಸ್ವಿಚ್ಚು. ಬೆರಳಿಂದ ಮೇಲೆತ್ತಿದರೆ ಮುಗಿಯಿತು. ನಾನೂ ಹಿಗ್ಗಿದೆ. ಒಮ್ಮೆ ಚಕ್ಕುಲಿ ಹಿಡಿದು ಹಾಗೆಯೇ ಹೋದೆ. ಬಿರ್ಗಿತ್ತಾ ಪ್ರೀತಿಯಿಂದಲೇ ತೆಗೆದುಕೊಂಡರು, ಆದರೆ ನಾನು ಬಂದ ಕೆಲಸವನ್ನು ಹೇಳಲೆಂದು ಕಾಯುತ್ತ ನಿಂತರು. ಕೆಲಸವಿರಲಿಲ್ಲ. ಇಬ್ಬರಿಗೂ ಮುಜುಗರವಾಯಿತು. ಮತ್ತೆ ಹೋಗಬೇಕೆಂದುಕೊಂಡೇ ಎರಡು ಚಳಿಗಾಲ ಕಳೆದವು. ಬರಲಿ ಎಂದು ಅವರೂ ಕಾಯುತ್ತಿದ್ದರೇನೋ ಎಂಬ ಯೋಚನೆ ಈಗ ಬಹಳ ನೋಯಿಸುತ್ತದೆ.

ಕಳೆದ ತಿಂಗಳು ಅವರ ಮನೆ ಮಾರಾಟಕ್ಕಿದೆಯೆಂಬ ಫಲಕ ಕೆಳಗೆ ಕಂಡಿತು. ಮನೆಯನ್ನು ನೋಡುವವರಿಗೆ ತೆರೆದಿಡುವ ದಿನ ಒಡತಿ ಅಲ್ಲಿರುವುದಿಲ್ಲ, ಇಲ್ಲಿನ ಪದ್ಧತಿ ಅದು. ಕೊಳ್ಳುವವರ ಸಾಲಿನಲ್ಲಿ ನಿಂತು, ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ನಾನು ಮೊದಲ ಬಾರಿ ಆ ಹೊಸ್ತಿಲು ದಾಟಿ ಒಳಗೆ ಹೋದೆ. ಅಡುಗೆಮನೆಯ ಕಿಟಕಿಯ ಬಳಿ ಪುಟ್ಟ ಮೇಜು, ಎದುರುಬದುರಾಗಿ ಎರಡು ಕುರ್ಚಿ. ಒಂದರ ಮೆತ್ತೆ ಮಾಸಿ ತಗ್ಗಾಗಿತ್ತು. ಇನ್ನೊಂದರದು ಹೊಸದರಂತೆ ಉಬ್ಬಿಕೊಂಡೇ ಇತ್ತು.

"ವೈರಿಂಗೆಲ್ಲ ಹೊಸದು, ಫ್ಯೂಸಿನ ತಾಪತ್ರಯವೇ ಇಲ್ಲ" ಎಂದ ಏಜೆಂಟ್ ಹುಡುಗ.

ಪಕ್ಕದ ಮನೆಯವಳೆಂದು ಹೇಳಿ, ಬಿರ್ಗಿತ್ತಾ ಎಲ್ಲಿ ಎಂದು ಕೇಳಿದೆ. ತಂಗಿಯ ಊರಿಗೆ ಆಗಲೇ ಹೋಗಿಬಿಟ್ಟರಂತೆ. "ನಿಮಗೆ ಅವರು ಚೆನ್ನಾಗಿ ಗೊತ್ತಾ?" ಎಂದ.

"ಫ್ಯೂಸ್ ಹೋಗುತ್ತಿದ್ದಾಗ ಗೊತ್ತಿತ್ತು" ಎಂದೆ. ಅವನು ತಮಾಷೆಯೆಂದುಕೊಂಡು ನಕ್ಕ. ನಾನು ಆ ಉಬ್ಬಿದ ಮೆತ್ತೆಯ ಕುರ್ಚಿಯನ್ನೆಳೆದು, ಯಾರ ಅಪ್ಪಣೆಯನ್ನೂ ಕೇಳದೆ, ಕುಳಿತುಕೊಂಡೆ.