ದೊಡ್ಡಪ್ಪನ ಗಾಲಿ ಅಡುಗೆಮನೆ

ನಮ್ಮ ದೊಡ್ಡಪ್ಪ ಬಡಗಿ. ಅವರು ಅಳತೆ ಟೇಪನ್ನು ನಂಬುವುದಿಲ್ಲ. ಯಾವ ಕೆಲಸ ಹಿಡಿದರೂ ಮೊದಲು ಪ್ಲೈವುಡ್ಡಿನ ಉದ್ದ ಪಟ್ಟಿಯೊಂದನ್ನು ಸೀಳಿ, ಬೇಕಾದ ಅಳತೆಗಳನ್ನೆಲ್ಲ ಅದರ ಮೇಲೆ ಪೆನ್ಸಿಲ್ ಗೆರೆಗಳಾಗಿ ಎಳೆದುಕೊಳ್ಳುತ್ತಾರೆ. ಆಮೇಲೆ ಯಾರು ಏನೇ ಹೇಳಲಿ, ಪಟ್ಟಿ ಹೇಳಿದ್ದೇ ಸರಿ. ಹೀಗೆ ನಲವತ್ತು ವರ್ಷದಲ್ಲಿ ಒಂದು ಹಲಗೆಯನ್ನೂ ತಪ್ಪಾಗಿ ಕೊಯ್ದಿಲ್ಲವಂತೆ. ಯಾರೂ ಕೇಳದಿದ್ದರೂ ಅವರೇ ಹೇಳುತ್ತಾರೆ.

ಎರಡು ವರ್ಷದ ಹಿಂದೆ ಹಳೆಯ ವ್ಯಾನೊಂದನ್ನು ತಂದು, ಒಳಗೆ ಮಂಚ, ಕಪಾಟು, ಒಲೆ ಕೂರಿಸಿ ತಿರುಗಾಟದ ಗಾಡಿ ಮಾಡಿದರು. ಓಡಿಸುವುದು ನಾನು. ಮೊದಲ ಸಲ ಒಂದು ಕೆರೆ ದಂಡೆಗೆ ಹೋದಾಗ ದೊಡ್ಡಮ್ಮ ಎರಡು ದಿನ ಆ ಡಬ್ಬಿಯೊಳಗೆ ಸೊಂಟ ಬಗ್ಗಿಸಿ ನಿಂತು ಬೇಯಿಸಿದರು. ದೊಡ್ಡಪ್ಪ ಹೊರಗೆ ಕೂತು ಕೆರೆ ನೋಡಿದರು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ. ಮನೆಗೆ ಬಂದವರೇ ದೊಡ್ಡಮ್ಮ, "ಇನ್ಮೇಲೆ ನಾನು ಬರಲ್ಲ. ಅಲ್ಲೂ ಒಲೆ, ಇಲ್ಲೂ ಒಲೆ. ಬಗ್ಗಿ ಬಗ್ಗಿ ಸಾಕಾಯ್ತು" ಎಂದುಬಿಟ್ಟರು. ಮುಂದಿನ ಮೂರು ಸಲವೂ ಬರಲಿಲ್ಲ. ದೊಡ್ಡಪ್ಪ ಕೆರೆ ನೋಡುತ್ತ ಪಕ್ಕಕ್ಕೆ ತಿರುಗಿ ಏನೋ ಹೇಳಹೋಗಿ, ಅಲ್ಲಿ ನಾನಿರುವುದನ್ನು ಕಂಡು ಮತ್ತೆ ಕೆರೆಯತ್ತ ತಿರುಗುತ್ತಿದ್ದರು. ಹೆಂಡತಿ ಇಲ್ಲದೆ ಅವರಿಗೆ ತಿರುಗಾಟ ರುಚಿಸಲಿಲ್ಲ, ಅಷ್ಟೆ.

ದೊಡ್ಡಮ್ಮ ಹೇಳಿದ್ದು ಒಲೆಯ ಮಾತು. ಬಡಗಿಯ ಕಿವಿಗೆ ಬಿದ್ದದ್ದು ಬಗ್ಗುವ ಮಾತು ಮಾತ್ರ.

"ಅಡುಗೆಮನೇನೇ ವ್ಯಾನಿಂದ ಹೊರಗೆ ಹಾಕ್ತೀನಿ ಕಣಮ್ಮ," ಎಂದರು ನನಗೆ. "ಹಿಂದೆ ಎಳ್ಕೊಂಡು ಹೋಗೋ ಪುಟ್ಟ ಟ್ರೇಲರು. ಮುಚ್ಚಳ ಎತ್ತಿದ್ರೆ ಅದೇ ಚಾವಣಿ. ಅಡುಗೆ ಕಟ್ಟೆ ಅವಳ ಅಳತೆಗೇ. ಆಗ ಹೆಂಗೆ ಬರಲ್ಲ ಅಂತಾಳೆ, ನೋಡೇಬಿಡೋಣ!"

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹನ್ನೊಂದು ನಕ್ಷೆ ಬರೆದರು. ಗ್ಯಾಸ್ ಸಿಲಿಂಡರಿಗೆ ಹೊರಗಡೆ, ತಳದಲ್ಲಿ ತೂತಿರುವ ಪೆಟ್ಟಿಗೆ, ಸೋರಿದರೆ ಗಾಳಿಗೆ ಹೋಗಲಿ ಎಂದು. ನೀರಿನ ಕ್ಯಾನು ಎರಡು ಗಾಲಿಗಳ ನಡುವೆ, ಏಕೆಂದರೆ ಭಾರ ಹಿಂದಕ್ಕೆ ಬಿದ್ದರೆ ಟ್ರೇಲರು ಬಾಲ ಅಲ್ಲಾಡಿಸುತ್ತದೆ. ಉಳಿದದ್ದು ಕಟ್ಟೆಯ ಎತ್ತರ. ಒಂದು ಬೆಳಿಗ್ಗೆ ದೊಡ್ಡಮ್ಮ ಈರುಳ್ಳಿ ಹೆಚ್ಚುತ್ತಿದ್ದಾಗ ದೊಡ್ಡಪ್ಪ ಪಟ್ಟಿ ಹಿಡಿದು ಹಿಂದಿನಿಂದ ಬೆಕ್ಕಿನ ಹೆಜ್ಜೆಯಲ್ಲಿ ಬಂದರು. ಆರಡಿ ಆಳು ಬೆಕ್ಕಿನ ಹೆಜ್ಜೆ ಇಟ್ಟರೆ ಕಪಾಟಿನ ಪಾತ್ರೆಗಳೆಲ್ಲ ಸದ್ದು ಮಾಡುತ್ತವೆ. ಅವರು ಹೆಂಡತಿಯ ಮೊಣಕೈ ಮಟ್ಟಕ್ಕೆ ಗೆರೆ ಎಳೆದು ಓಡಿದರು. ದೊಡ್ಡಮ್ಮ ತಿರುಗಿಯೂ ನೋಡದೆ ನಕ್ಕರು.

ಮರುದಿನ ಊಟದ ಡಬ್ಬಿ ಹಿಡಿದು ದೊಡ್ಡಮ್ಮನೂ ನಾನೂ ದೊಡ್ಡಪ್ಪನ ಬಡಗಿ ಅಂಗಡಿಗೆ ಹೋದೆವು. ದೊಡ್ಡಪ್ಪ ಕೈ ತೊಳೆಯಲು ಹೊರಗೆ ಹೋದದ್ದೇ ತಡ, ದೊಡ್ಡಮ್ಮ ಪಟ್ಟಿಯ ಮೇಲಿನ ಆ ಗೆರೆಯನ್ನು ರಬ್ಬರಿನಿಂದ ಉಜ್ಜಿ, ಒಂದು ಗೇಣು ಮೇಲೆ ಇನ್ನೊಂದು ಎಳೆದರು.

"ಬಾಯಿ ಬಿಟ್ಟೆಯೋ, ನಿನಗೆ ಇನ್ನೊಂದು ಬಟ್ಟೆ ಹೊಲಿದುಕೊಡಲ್ಲ," ಎಂದರು. ಅವರು ದರ್ಜಿ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಟ್ರೇಲರು ಎದ್ದು ನಿಂತಿತು. ಕೆಲಸ ಮಾಡುವಾಗ ಕಟ್ಟೆ ತನ್ನ ಕೈಗೇ ಹಿತವಾಗಿದ್ದರಿಂದ ದೊಡ್ಡಪ್ಪನಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಈ ಸಲ ದೊಡ್ಡಮ್ಮ ಕರೆಯುವ ಮೊದಲೇ ಹೊರಟು ನಿಂತಿದ್ದರು.

ಕೆರೆ ದಂಡೆಯಲ್ಲಿ ದೊಡ್ಡಪ್ಪ ಮುಚ್ಚಳ ಎತ್ತಿ, "ಬಾರೇ, ನಿನ್ನ ಅಡುಗೆಮನೆ!" ಎಂದರು. ದೊಡ್ಡಮ್ಮ ಹೋಗಿ ನಿಂತರು. ಕಟ್ಟೆ ಅವರ ಎದೆಮಟ್ಟಕ್ಕೆ ಬಂತು, ಒಲೆಯ ಮೇಲಿನ ಪಾತ್ರೆಯ ಬಾಯಿ ಗದ್ದಕ್ಕೆ. "ಅಯ್ಯೋ, ನನಗೆ ಎಟುಕಲ್ವಲ್ರೀ," ಎಂದು ಮುಖ ಸಪ್ಪಗೆ ಮಾಡಿ, ನೇರ ಹೋಗಿ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತರು. ನನಗೆ ನಗು ತಡೆಯಲು ಆಗಲಿಲ್ಲ.

ದೊಡ್ಡಪ್ಪ ನಗಲಿಲ್ಲ. ವ್ಯಾನಿನಿಂದ ಪಟ್ಟಿ ತಂದು ಕಟ್ಟೆಗೆ ಹಿಡಿದರು. ಗೆರೆಗೂ ಕಟ್ಟೆಗೂ ಸರಿಹೋಯಿತು. ಅವರ ಮುಖ ಬಿಳುಚಿತು.

"ಗೆರೆ ಎಳೆಯೋದ್ರಲ್ಲೇ ತಪ್ಪಿದ್ದೀನಿ. ಒಂದು ಗೇಣು!" ಎಂದು ಹುಲ್ಲಿನ ಮೇಲೆ ಕುಸಿದರು. "ಕಣ್ಣು ಹೋಯ್ತು ಕಣೇ. ಇನ್ನು ಗರಗಸ ಹಿಡಿಯಲ್ಲ. ಅಂಗಡಿ ಮುಚ್ಚಿಬಿಡ್ತೀನಿ."

ನನ್ನ ನಗು ಅಲ್ಲಿಗೇ ನಿಂತಿತು. ದೊಡ್ಡಮ್ಮ ಒದ್ದೆ ಕಾಲಲ್ಲೇ ಎದ್ದು ಬಂದರು.

"ರೀ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನಿಮ್ಮ ಗೆರೆ ಅಳಿಸಿ ಆ ಗೆರೆ ಎಳೆದಿದ್ದು ನಾನು. ಎದ್ದು ನಿಂತು ನೋಡಿ, ಯಾರ ಅಳತೆ ಅಂತ."

ದೊಡ್ಡಪ್ಪ ಎದ್ದು ನಿಂತರು. ಮೊಣಕೈ ಕಟ್ಟೆಯ ಅಂಚಿಗೆ ಸರಿಯಾಗಿ ಕೂತಿತು.

"ನನ್ನನ್ನ ಯಾವಾಗ ಅಳೆದೆ?"

"ಮೂವತ್ತು ವರ್ಷದಿಂದ ನಿಮ್ಮ ಅಂಗಿ ಹೊಲೀತಿದ್ದೀನಿ. ನಿಮ್ಮ ಮೊಣಕೈ ಎಲ್ಲಿದೆ ಅಂತ ಅಳೆದು ನೋಡ್ಬೇಕಾ?"

ಇನ್ನೇನು ಗುಡುಗುತ್ತಾರೆ ಎಂದುಕೊಂಡೆ. ದೊಡ್ಡಪ್ಪ ಕಟ್ಟೆಯ ಮೇಲೆ ಹೆಬ್ಬೆರಳು ಎಳೆದರು. ಮುಖ ಅರಳಿತು. "ಹಂಗಾದ್ರೆ ನಾನು ಕೊಯ್ದಿದ್ದು ಸರಿ! ನೋಡು ಬಾರಮ್ಮ, ಕೂದಲೆಳೆ ಆಚೀಚೆ ಇಲ್ಲ. ಅಳತೆ ಅಂದ್ರೆ ಇದು!"

"ಸರಿ ಇದೆ ತಾನೆ?" ಎಂದರು ದೊಡ್ಡಮ್ಮ.

"ನೂರಕ್ಕೆ ನೂರು!"

"ಹಂಗಾದ್ರೆ ಅಕ್ಕಿ ತೊಳೀರಿ."

ಸಿಕ್ಕಿಬಿದ್ದದ್ದು ಗೊತ್ತಾಗಿ ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಅಂದು ಅನ್ನ ತಳ ಹಿಡಿಯಿತು, ಆಲೂಗಡ್ಡೆ ಅರ್ಧ ಬೆಂದಿತ್ತು. ದೊಡ್ಡಮ್ಮ ಎರಡು ಸಲ ಹಾಕಿಸಿಕೊಂಡು ಉಂಡರು.