ನೋಡುವುದಕ್ಕೆ ಇಂಗ್ಲಿಷಿನ ಮಾತುಗಳು

ತಾಳಮಲೆಯ ಶಾಲೆಗೆ ಇಂಗ್ಲಿಷ್ ಕಲಿಸಲು ಹೋದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ಆ ಕಾಡೂರಿಗೆ ಮೊಬೈಲ್ ಬಂದಿರಲಿಲ್ಲ. ನನ್ನೂರು ಪಣಕಹಳ್ಳಿ ಬಹಳ ದೂರವೇನಲ್ಲ, ಆದರೆ ನಡುವೆ ಆನೆ ಓಡಾಡುವ ಕಾಡು, ಬಸ್ಸುಗಳೂ ಕಡಿಮೆ. ಅದಕ್ಕೆ ಶಾಲೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದೆ.

ಊರಿನವರು ಒಳ್ಳೆಯವರೇ. ನಾನು ಬರುವುದು ಕಂಡರೆ ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದರು. ನಾನು ದಾಟಿಹೋದ ಮೇಲೆ ಮತ್ತೆ ಕೂತು ಮಾತು ಮುಂದುವರಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ಯಾರೊಡನೆಯೂ ಬಾಯಿಬಿಡದೆ ಮಲಗಿದ ದಿನಗಳುಂಟು. ಒಂದು ದನಿಯಾದರೂ ಇರಲಿ ಎಂದು ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ.

ಹಾಗೆ ಓದುತ್ತಿದ್ದಾಗ ಒಂದು ಸಂಜೆ ಪಕ್ಕದ ಮನೆಯವಳು ಬಾಗಿಲಲ್ಲಿ ಬಂದು ನಿಂತಳು. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಅವಳ ಗಂಡ ಕಾಡು ಕಾಯುವ ದಿನಗೂಲಿಯವನು. ಎಲ್ಲರೂ ಅವನನ್ನು ವಾಚರ್ ಎನ್ನುತ್ತಿದ್ದರು. ಕಾಡೊಳಗಿನ ಶೆಡ್ಡಿಗೆ ಹೋದನೆಂದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಅವಳೊಬ್ಬಳೇ.

"ಅದೇನ್ ಟೀಚ್ರೇ, ವಾಚು ವಾಚು ಅಂತಿದ್ರಲ್ಲ? ನಮ್ಮೆಜಮಾನ್ರ ಕೆಲ್ಸಾನೂ ಅದೇ ಅಲ್ವಾ?"

"ಅದೇ ಕಣವ್ವ, ಬಾ ಒಳಕ್ಕೆ" ಎಂದು ಚಾಪೆ ಹಾಸಿದೆ. ಕಣ್ಣು ಬಿಟ್ಟಿದ್ದರೆ ತಾನಾಗಿ ಕಾಣುವುದು ಸೀ ಎಂದೆ. ಬೇಕೆಂದು ಕಣ್ಣು ತಿರುಗಿಸಿದರೆ ಲುಕ್. ಏನೋ ಆಗುತ್ತಿದೆ, ಇಲ್ಲವೇ ಇನ್ನೇನು ಆದೀತು ಎಂದು ಕಣ್ಣು ಕೀಳದೆ ಕೂತರೆ ವಾಚ್. ನಾವು ಕೊನೆಯ ಎರಡಕ್ಕೂ ನೋಡು ಎಂದೇ ಅನ್ನುತ್ತೇವೆ.

ಅವಳು ನಕ್ಕಳು. "ಅಂಗಾರೆ ನಾನೂ ವಾಚ್ರೇ ಬುಡಿ. ಅವ್ರು ಆನೆ ನೋಡ್ತಾರೆ, ನಾನು ಅವ್ರ ದಾರಿ ನೋಡ್ತೀನಿ. ನಂಗೆ ಸಂಬ್ಳ ಇಲ್ಲ, ಅಷ್ಟೇಯ."

ಅಂದಿನಿಂದ ಸಂಜೆ ಅಡುಗೆ ಮುಗಿಸಿ ಬರತೊಡಗಿದಳು. ಓದು ಬರೆಹದ ಆಸೆಯೇನೂ ಅವಳಿಗಿರಲಿಲ್ಲ, ಕೂರಲು ಒಂದು ಜಾಗ ಬೇಕಿತ್ತು. ನನಗೆ ಜೊತೆಗೆ ಕೂರುವವರು ಬೇಕಿತ್ತು. ಕಿವಿಗೆ ತಾನಾಗಿ ಬೀಳುವುದು ಹಿಯರ್, ಕಿವಿಗೊಟ್ಟರೆ ಲಿಸನ್ ಎಂದು ಹೇಳಿಕೊಟ್ಟ ದಿನವೇ ಹಿತ್ತಲಾಚೆ ಕೊಂಬೆ ಲಟಕ್ಕನೆ ಮುರಿಯಿತು. "ಹಿಯರ್ರು" ಎಂದು ಪಿಸುಗುಟ್ಟಿದಳು. ಇಬ್ಬರೂ ಉಸಿರು ಬಿಗಿಹಿಡಿದೆವು. "ಈಗ ಲಿಸನ್ನು" ಎಂದು ನನ್ನ ಕೈ ಅದುಮಿದಳು. ಆನೆ ದೂರ ಹೋದ ಮೇಲೆ ಇಬ್ಬರಿಗೂ ತಡೆಯಲಾರದ ನಗು. ನಾನು ಆ ಊರಿಗೆ ಬಂದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಅವಳ ಗಂಡ ಬರಬೇಕಿತ್ತು. ಬರಲಿಲ್ಲ. ಮಧ್ಯಾಹ್ನದಿಂದ ಜಗಲಿಯಲ್ಲಿ ಕೂತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. "ಊಟ ಮಾಡಿದ್ಯಾ?" ಎಂದರೆ ತಲೆಯಾಡಿಸಿದಳು, ಹೌದೋ ಅಲ್ಲವೋ ತಿಳಿಯಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅರಣ್ಯ ಇಲಾಖೆಯ ಜೀಪು ಬಂತು. ಇಳಿದ ಗಾರ್ಡು ನೆಲ ನೋಡಿಕೊಂಡೇ ಮಾತಾಡಿದ.

"ಉಸ್ರು ಅದೆ ಕಣವ್ವ, ಎದ್ರುಕೋಬ್ಯಾಡ. ಆನೆ ತಳ್ಳುಬುಡ್ತು. ಸತ್ಯಮಂಗ್ಲದ್ ಆಸ್ಪತ್ರೆಗೆ ಕರ್ಕೊಂಡೋಗವ್ರೆ."

ಅವಳು ಉಟ್ಟ ಸೀರೆಯಲ್ಲೇ ಜೀಪು ಹತ್ತಿದಳು. ನಾನು ಓಡಿಹೋಗಿ ನನ್ನ ಸ್ವೆಟರ್ ತಂದುಕೊಟ್ಟೆ. ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಜೀಪು ಹೋದ ಮೇಲೆ ಅವಳ ಮನೆಯ ಒಲೆ ಆರಿಸಿ ಬಾಗಿಲು ಎಳೆದುಕೊಂಡೆ.

ಅವನು ಬದುಕಿದ. ಕಾಲು ಮಾತ್ರ ಮೊದಲಿನಂತೆ ಆಗಲಿಲ್ಲ. ಗುಮಟಾಪುರದ ತನ್ನ ತವರಿಗೇ ಅವನನ್ನು ಕರೆದುಕೊಂಡು ಹೋದಳಂತೆ. ಅವಳಣ್ಣ ಬಂದು ಪಾತ್ರೆಪಗಡ ಸಾಗಿಸಿದ. ಪಕ್ಕದ ಮನೆಗೆ ಬೀಗ ಬಿತ್ತು. ಸಂಜೆ ಪುಸ್ತಕ ತೆರೆದು ಗಟ್ಟಿಯಾಗಿ ಓದಲು ನೋಡಿದೆ. ನನ್ನ ದನಿಯೇ ನನಗೆ ಕಸಿವಿಸಿಯಾಗಿ ನಿಲ್ಲಿಸಿಬಿಟ್ಟೆ. ಮುಂಚಿನ ಒಂಟಿತನ ಅಭ್ಯಾಸವಾಗಿತ್ತು, ಇದು ಆಗಲೊಲ್ಲದು.

ಅವರೆಕಾಯಿ ಕಾಲದಲ್ಲಿ, ರಜೆಗೆ ಊರಿಗೆ ಬಂದವಳು, ಗುಮಟಾಪುರಕ್ಕೆ ಹೋದೆ. ಅವನು ಜಗಲಿಯಲ್ಲಿ ಕೋಲು ಪಕ್ಕಕ್ಕಿಟ್ಟು ಕೂತಿದ್ದ. ಅವಳು ಕೋಸಿನ ಹೊಲದ ಕೂಲಿ ಮುಗಿಸಿ ಆಗತಾನೆ ಬಂದಿದ್ದಳು. ಸೊರಗಿದ್ದಳು, ಆದರೆ ಮುಖದಲ್ಲಿ ಗೆಲುವಿತ್ತು. ಕಾಫಿ ಕಾಸಿ ಮೊದಲು ಅವನಿಗೆ, ಆಮೇಲೆ ನನಗೆ ಕೊಟ್ಟಳು.

"ಕಾಲ್ ಓದ್ರೆ ಓಗ್ಲಿ ಟೀಚ್ರೇ. ಬೆಳಿಗ್ಗೆ ಎದ್ರೆ ಕಣ್ಮುಂದೆ ಇರ್ತಾರಲ್ಲ" ಎಂದಳು. ಅವನು ನಾಚಿ ಬೀದಿಯ ಕಡೆ ತಿರುಗಿದ.

ನನಗೆ ಸಂತೋಷವಾಯಿತು, ನಿಜವಾಗಿಯೂ ಆಯಿತು. ಆದರೂ ಅಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಹೊರಟಾಗ ಒಂದು ಚೀಲದ ತುಂಬ ಅವರೆಕಾಯಿ ಕೊಟ್ಟು, "ಇಸುಕಿದ್ ಬ್ಯಾಳೆ ಸಾರ್ ಮಾಡ್ಕಳಿ" ಎಂದಳು. ರಜೆ ಮುಗಿದಿತ್ತು, ಅಲ್ಲಿಂದಲೇ ತಾಳಮಲೆಯ ಹಾದಿ ಹಿಡಿದೆ. ರಾತ್ರಿ ಕೋಣೆಯಲ್ಲಿ ಕೂತು ಕಾಯಿ ಸುಲಿಯತೊಡಗಿದೆ. ಒಬ್ಬಳಿಗೆ ತೀರ ಹೆಚ್ಚಾಗಿತ್ತು. ಅರ್ಧ ಸುಲಿದು, ಉಳಿದದ್ದನ್ನು ಬೆಳಿಗ್ಗೆ ಮನೆಯೊಡೆಯರಿಗೆ ಕೊಟ್ಟು ಶಾಲೆಗೆ ಹೋದೆ.