ಮೂರನೇ ಸಲ ನಿಲಂಗಾಕ್ಕೆ, ಒಂದು ಪ್ರೊಜೆಕ್ಟರಿಗಾಗಿ

ಗೆಳೆಯರೇ, ಹಳೆಯ ಪ್ರೊಜೆಕ್ಟರ್ ಕೂಡಿಸುವ ಹುಚ್ಚಿಗೆ ಇವತ್ತು ಮೂರನೇ ಸಲ ನಿಲಂಗಾಕ್ಕೆ ಹೋದೆ. ಎಂಬತ್ತು ದಾಟಿದ ಕಾಶಮ್ಮ ಕೊನೆಗೂ ತಮ್ಮ ಮನೆಯ ಪ್ರೊಜೆಕ್ಟರ್ ಕೊಡಲು ಒಪ್ಪಿ "ಒಯ್ರಿ" ಎಂದರು. ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಆದ ಮೇಲೆ ಅವರಪ್ಪ ಹೈದರಾಬಾದಿನಿಂದ ಕ್ಯಾಮೆರಾ ಸಮೇತ ತಂದದ್ದು. ಕೈಯಿಂದ ತಿರುಗಿಸುವ, ಎಂಟು ಮಿಲಿಮೀಟರ್ ಫಿಲ್ಮಿನದು. ಕಟ್ಟಿಕೊಳ್ಳುವ ಮುನ್ನ ಬಲ್ಬ್ ಬದಲಿಸಿ, ಅದರಲ್ಲೇ ಉಳಿದಿದ್ದ ಫಿಲ್ಮನ್ನು ಗೋಡೆಯ ಮೇಲೆ ಓಡಿಸಿದೆ. ಚಿತ್ರದಲ್ಲಿ ಜೋಳ ಕೇರುತ್ತಿದ್ದ ಹೆಂಗಸೊಬ್ಬಳು ನಾಚಿ ಮುಖ ತಿರುಗಿಸಿದಳು.

"ನಮ್ಮವ್ವ ರೀ," ಎಂದರು ಕಾಶಮ್ಮ. "ನಾ ಸಣ್ಣಾಕಿ ಇದ್ದಾಗ ತೀರಿಕೊಂಡಾಳ. ಒಂದು ಫೋಟೋನೂ ಇಲ್ಲ. ಇನ್ನೊಮ್ಮೆ ತಿರುವ್ರಿ."

ಏಳು ಸಲ ತಿರುಗಿಸಿದೆ. ತೋಳು ಸೋತಿತು. ಕೊನೆಗೆ ಹಿಡಿಕೆಯ ಮೇಲೆ ಅವರ ಕೈಯನ್ನೇ ಇಟ್ಟು ಎದ್ದು ಬಂದೆ.

ಈಗ ಉಮರ್ಗಾ ಬಸ್ಸಿನಲ್ಲಿದ್ದೇನೆ, ಚೀಲ ಖಾಲಿ. ಮನೆಯಲ್ಲಿ ಕೇಳಿದರೆ ಮಷೀನು ಕೆಟ್ಟಿತ್ತು ಎನ್ನುವವನಿದ್ದೇನೆ. ನೀವೂ ಹಾಗೆಯೇ ಹೇಳಿ.